ಚಿಕ್ಕ ಗಾಡಿಗೆ ಮುಪ್ಪಿನ ಬಣ್ಣ

ಬನಶಂಕರಿಯ ಜಾತ್ರೆಯಲ್ಲಿ ಕೊಂಡು ತಂದ ತಗಡಿನ ರೇಲುಗಾಡಿಯು ಮನೆಗೆ ಬಂದ ದಿವಸ ಮಿರಮಿರನೆ ಮಿಂಚುತ್ತಿರುವದು. ಮಗು ಅದನ್ನು ಮಣ್ಣಿನಲ್ಲಿ ಓಡಿಸಿ ಹೊಲಸು ಮಾಡಿತೆಂದರೆ ತಂದೆತಾಯಿಗಳು ಗದರಿಸುವರು. ಆದರೆ ವಯಸ್ಸಿಗೆ ಬಂದ ದೊಡ್ಡವರೇ ಸಾವಿರಾರು ರೂಪಾಯಿ ಕೊಟ್ಟು ತರಿಸಿದ ಹೊಚ್ಚಹೊಸ ಪುಟ್ಟ ಇಂಜಿನಿಗೆ ಮಸಿ ಬಳಿದು, ಡಬ್ಬಿಗಳಿಗೆ ಜಂಗು ಹಚ್ಚಿ, ಸ್ಟೇಶನ್ನಿನ ಗೋಡೆಯ ಮೇಲೆ ಮಳೆಯ ಕಲೆ ಮೂಡಿಸಿ, ಅದನ್ನು ನೋಡಿ ಹಿಗ್ಗುವರೆಂದು ಹೇಳಿದರೆ ವಾಚಕರಿಗೆ ನಗೆ ಬರಬಹುದು. ನನಗೂ ಮೊದಲು ನಗೆಯೇ ಬಂದಿತ್ತು.

ನಿಜವಾದ ರೇಲ್ವೆಯನ್ನು ಅಳತೆ ತಪ್ಪದಂತೆ ಚಿಕ್ಕದಾಗಿ ಕಟ್ಟುವ ಹವ್ಯಾಸವು ಯುರೋಪ, ಅಮೇರಿಕೆಗಳಲ್ಲಿ ಬಹುಕಾಲದಿಂದ ಬೇರೂರಿದೆ. ನಮ್ಮ ಸಮೀಪದಲ್ಲಿ ನೋಡಬೇಕೆಂದರೆ ಪುಣೆಯಲ್ಲಿ ಭಾವು ಜೋಶಿಯವರು ಕಟ್ಟಿದ ಪುಟ್ಟ ರೇಲ್ವೆಯ ಸಂಗ್ರಹಾಲಯವುಂಟು. ಅದು 1998ರಲ್ಲಿ ಜನರಿಗೆ ತೆರೆಯಿತು. ಗಾಡಿಯನ್ನು ಕಟ್ಟಿದರಷ್ಟೇ ಸಾಲದು, ಅದಕ್ಕೆ ವಯಸ್ಸನ್ನೂ ಕೊಡಬೇಕೆಂದು ಹವ್ಯಾಸಿಗಳಿಗೆ ಮನಗಾಣಿಸಿದವರಲ್ಲಿ ಅಮೇರಿಕೆಯ ಜಾನ್ ಅಲೆನ್ ಎಂಬವನು ಮುಖ್ಯನು. ಅವನು ವೃತ್ತಿಯಿಂದ ಛಾಯಾಚಿತ್ರಕಾರನು. ಆದುದರಿಂದಲೇ ಧೂಳು, ಹೊಗೆ, ಸವೆತಗಳ ಮೇಲೆ ಅವನ ಕಣ್ಣು ನಟ್ಟಿತೆಂದು ನನ್ನ ಎಣಿಕೆ. 1973ರಲ್ಲಿ ಅವನು ತೀರಿಕೊಂಡ ಕೆಲವೇ ದಿನಗಳಲ್ಲಿ ಬೆಂಕಿ ಬಿದ್ದು, ಅವನು ಮನೆಯ ನೆಲಮಾಳಿಗೆಯಲ್ಲಿ ವರ್ಷಗಟ್ಟಲೆ ದುಡಿದು ಕಟ್ಟಿದ ರೇಲ್ವೆಯ ಬಹುಭಾಗವು ಸುಟ್ಟುಹೋಯಿತು. ಅದರ ರೂಪವು ಇಂದು ನಮಗೆ ತಿಳಿಯುವದು ಅವನೇ ತೆಗೆದ ಛಾಯಾಚಿತ್ರಗಳಿಂದ.

ನಮ್ಮ ಸೀಮೆಯವರಿಗೆ ಈ ಹವ್ಯಾಸದಲ್ಲಿ ಮನಸ್ಸಿಡಲು ಬೇರೊಂದು ಕಾರಣವಿದೆ. 1876-78ರ ಭಯಂಕರ ಬರಗಾಲದ ತರುವಾಯ, 1880ರ ದಶಕದಲ್ಲಿ, ಸದರ್ನ್ ಮರಾಠಾ ರೇಲ್ವೆ ಕಂಪನಿಯವರು ಹೋಟಗಿಯಿಂದ ಗದಗಿನವರೆಗೆ ಒಂದು ಮೀಟರ್ ಅಗಲದ ಹಳಿಯನ್ನು ಹಾಕಿಸಿದರು. ವಿಜಾಪುರ, ಬಾಗಲಕೋಟೆ, ಬಾದಾಮಿ, ಹೊಳೆಆಲೂರುಗಳು ಆ ದಾರಿಯ ಮೇಲಿನ ಊರುಗಳು. ಬಾದಾಮಿಯ ಸ್ಟೇಶನ್ನು ಊರಿನಿಂದ ಸುಮಾರು 5 ಕಿಲೋಮೀಟರು ದೂರ. ಹುನಗುಂದ, ಇಳಕಲ್ಲುಗಳಿಗೆ ಆ ದಾರಿ ಹಾಯಲೇ ಇಲ್ಲ. ನೂರು ವರ್ಷಕ್ಕೂ ಮಿಕ್ಕಿ ನಡೆದ ಮೀಟರ್ ಹಳಿಯು ಈ ಶತಮಾನದ ಮೊದಲ ದಶಕದಲ್ಲಿ ಕಿತ್ತುಹೋಗಿ, 1676 ಮಿಲಿಮೀಟರಿನ ಅಗಲ ಹಳಿಯು ಬಂದಿತು. ಪ್ರವಾಸಿಗಳಿಗೆ ಅನುಕೂಲವಾಯಿತು; ಅದನ್ನು ದೂರುವ ಹಾಗಿಲ್ಲ. ಆದರೆ ಹಳೆಯ ಇಂಜಿನು, ಇಟ್ಟಂಗಿ ಬಣ್ಣದ ಡಬ್ಬಿಗಳು ನಮ್ಮ ಕಣ್ಣಿನಿಂದ ಮರೆಯಾದವು. ಇತ್ತ ಹಳೆಯ ಬಾಗಲಕೋಟೆಯ ಎಷ್ಟೋ ಓಣಿಗಳನ್ನು ಆಲಮಟ್ಟಿಯ ಹಿನ್ನೀರು ತೆಗೆದುಕೊಂಡಿತು. ಆ ಗಾಡಿಯಿಂದ ಆ ಓಣಿಗಿಳಿದವರು ಹೇಳಬೇಕು, ನಾವು ಕೇಳಬೇಕು. ಹೇಳುವವರು ವರ್ಷವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.

ಅಳತೆಯ ಲೆಕ್ಕವು ಕಠಿಣವಾದುದಲ್ಲ. ಹವ್ಯಾಸಿಗಳಲ್ಲಿ ಬಹಳ ಬಳಕೆಯಲ್ಲಿರುವ ಪ್ರಮಾಣವು 87ರಲ್ಲಿ ಒಂದು ಪಾಲು. 1000 ಮಿಲಿಮೀಟರಿನ ಹಳಿಯು ಈ ಲೆಕ್ಕದಿಂದ ಹನ್ನೊಂದೂವರೆ ಮಿಲಿಮೀಟರಾಗುವದು. ರೂಢಿಯಲ್ಲಿ 12 ಎಂದು ಹಿಡಿಯುವರು. ಸ್ವಿಟ್ಜರ್ಲಂಡದ ಬೆಟ್ಟದ ರೇಲ್ವೆಗಳಲ್ಲಿ ಹಲವು ಮೀಟರ್ ಅಗಲದವೇ ಆದ ಕಾರಣ ಈ ಅಳತೆಯ ಹಳಿ, ಗಾಲಿಗಳು ಪರದೇಶದಿಂದ ಸಿದ್ಧವಾಗಿ ದೊರೆಯುವವು. ಡಬ್ಬಿಯ ಮೈಯನ್ನೂ ಸ್ಟೇಶನ್ನಿನ ಗೋಡೆಗಳನ್ನೂ ನಾವೇ ರಟ್ಟಿನಿಂದ ಕೊಯ್ದು ಅಂಟಿಸಬೇಕು. 7 ಫೂಟು ಎತ್ತರದ ಬಾಗಿಲವು ಎರಡೂವರೆ ಸೆಂಟಿಮೀಟರಿಗೂ ತುಸು ಕಡಿಮೆ. ಪ್ಲಾಟಫಾರ್ಮಿನ ಮೇಲೆ ಗಂಟು ಹಿಡಿದು ನಿಂತ 5 ಫೂಟಿನ ಹೆಣ್ಣುಮಗಳು ಹದಿನೆಂಟು ಮಿಲಿಮೀಟರನ್ನೂ ಮುಟ್ಟಳು. ಅವಳಿಗೆ ಇಳಕಲ್ಲ ಸೀರೆ ಉಡಿಸಬೇಕಲ್ಲವೆ? ತೋಪ ತೆನೆಯ ಸೆರಗನ್ನು ಅಷ್ಟರಲ್ಲಿ ಬರೆಯುವದು ಯಾರಿಂದಲೂ ಆಗದು. ಕೆಂಪಿನ ಒಂದು ಗೆರೆಯೆಳೆದು, ಸೂಜಿಯ ಮೊನೆಯಿಂದ ಬಿಳಿಯ ಮೂರು ಚುಕ್ಕೆಯಿಟ್ಟರೆ ಸಾಕು, ಗಜದ ದೂರದಿಂದ ನಮ್ಮವರ ಕಣ್ಣು ಉಳಿದುದನ್ನು ತಾನೇ ತುಂಬಿಕೊಳ್ಳುವದು.

ಇನ್ನು ಮುಪ್ಪಿನ ಕೆಲಸ. ಇದನ್ನು ಕಲಿಯಲು ಪುಸ್ತಕಕ್ಕಿಂತ ಬಾದಾಮಿಯ ಬಂಡೆಯೇ ಮೇಲು. ಅಗಸ್ತ್ಯತೀರ್ಥದ ದಂಡೆಯಲ್ಲಿ ನಿಂತು ಕೆಂಪು ಕಲ್ಲಿನ ಗೋಡೆಯನ್ನು ನೋಡಿರಿ. ಮಳೆಯ ನೀರು ಇಳಿದ ದಾರಿಯಲ್ಲೆಲ್ಲ ಕರಿಯ ಪಟ್ಟೆಗಳು ಮೇಲಿನಿಂದ ಕೆಳಕ್ಕೆ ಇಳಿದಿರುವವು. ಮುಂಚಾಚಿದ ಕಲ್ಲಿನ ಆಸರೆಯಲ್ಲಿ ಮೂಲದ ಕೆಂಪು ಹಾಗೆಯೇ ಉಳಿದಿರುವದು. ಕಲೆಗೆ ಕಾರಣವುಂಟು, ದಾರಿಯುಂಟು. ಡಬ್ಬಿಯ ಮೇಲೂ ಹಾಗೆಯೇ. ರಿವೆಟ್ಟಿನ ಕೆಳಗೆ ಜಂಗಿನ ಗೆರೆ ಇಳಿಯಬೇಕೇ ಹೊರತು ಪಕ್ಕಕ್ಕೆ ಹೋಗಬಾರದು. ಹೊಗೆಕೊಳವೆಯ ಹಿಂದೆ, ಮಾಡಿನ ಮೇಲೆ ಮಸಿ. ಗಾಲಿಗಳ ಹತ್ತಿರ ಬ್ರೇಕು ತೇದು ಎದ್ದ ಕಂದು ಪುಡಿ. ಉಗಿ ಸೋರುವ ಸಂದುಗಳಲ್ಲಿ ಗಡಸು ನೀರಿನ ಬಿಳಿಯ ಸುಣ್ಣದ ಕಲೆ. ಸಾಮಗ್ರಿಗಳೆಲ್ಲ ಮನೆಯಲ್ಲಿಯೇ ಇರುವವು. ಮಸಿಗೆ ದೀಪದ ಕಾಡಿಗೆ, ಜಂಗಿಗೆ ಹಳೆಯ ಮೊಳೆಯಿಂದ ಕೆರೆದ ಪುಡಿ, ಧೂಳಿಗೆ ತೇದ ಬಣ್ಣದ ಖಡು. ತೆಳುವಾಗಿ ಕಲಸಿದ ಬಣ್ಣವನ್ನು ಹಚ್ಚಿ, ಆರುವ ಮೊದಲೇ ಅರಿವೆಯಿಂದ ಮೇಲಿನಿಂದ ಕೆಳಕ್ಕೆ ಒರೆಸಿದರೆ ಮೂಲೆಗಳಲ್ಲಿ ಮಾತ್ರ ಅದು ನಿಲ್ಲುವದು. ಪುಡಿಯನ್ನು ಒಣ ಕುಂಚದಿಂದ ತಟ್ಟಬೇಕು.

ಧೂಳಿನಲ್ಲಿಯೂ ಊರೂರಿಗೆ ಭೇದ. ಬಾಗಲಕೋಟೆಯ ಕಡೆಯ ಎರೆಭೂಮಿಯ ಧೂಳು ಕಪ್ಪು ಬೂದಿಬಣ್ಣದ್ದು. ಸಿಮೆಂಟು ತುಂಬಿದ ಡಬ್ಬಿಯಾದರೆ ಬಾಗಿಲ ಸುತ್ತ ಬಿಳುಪು. ಬಾದಾಮಿ ಸಮೀಪಿಸಿದಂತೆ ಕೆಂಪು ಮರಳು ಏರುವದು. ಪರದೇಶದ ಬಾಟಲಿಯಲ್ಲಿ ಬರುವ ‘ಧೂಳಿನ ಬಣ್ಣ’ಕ್ಕೆ ಈ ಭೇದವೇನು ತಿಳಿದೀತು? ಇಂಜಿನುಗಳನ್ನು ಹತ್ತಿರದಿಂದ ನೋಡಲಿಚ್ಛಿಸುವವರು 1979ರಲ್ಲಿ ತೆರೆದ ಮೈಸೂರಿನ ರೇಲ್ವೆ ಸಂಗ್ರಹಾಲಯಕ್ಕೋ, 2020ರಲ್ಲಿ ತೆರೆದ ಹುಬ್ಬಳ್ಳಿಯದಕ್ಕೋ ಹೋಗಬಹುದು. ಆದರೆ ಅಲ್ಲಿಯ ಇಂಜಿನುಗಳು ಬಣ್ಣ ಬಳಿಸಿಕೊಂಡು ಮದುಮಕ್ಕಳಂತೆ ನಿಂತಿರುವದರಿಂದ ಅಳತೆಗೆ ಉಪಯೋಗವೇ ಹೊರತು ಕಲೆಯನ್ನು ಕಲಿಯಲು ಅಲ್ಲ.

ನಾನು ಮೊದಲು ಕಟ್ಟಿದುದು ವಾಯ್.ಪಿ. ಜಾತಿಯ ಒಂದು ಉಗಿ ಇಂಜಿನು, ಎರಡು ಡಬ್ಬಿ. ಉತ್ಸಾಹದ ಭರದಲ್ಲಿ ಚಕ್ರದಿಂದ ಹೊಗೆಕೊಳವೆಯವರೆಗೆ ಜಂಗು ಬಳಿದು ಒಂದು ವಾರ ಬೀಗಿದೆನು. ನೆರೆಮನೆಯ ಕಾಕಾನವರು ತಾರುಣ್ಯದಲ್ಲಿ ಶೆಡ್ಡಿನಲ್ಲಿ ಇಂಜಿನು ಒರೆಸುವ ಕೆಲಸಕ್ಕೆ ಸೇರಿದವರು. ಅವರನ್ನು ಕರೆದು ತೋರಿಸಿದೆನು. ಕನ್ನಡಕ ಏರಿಸಿ ನೋಡಿದರು, ಮುಖ ಕೆಂಪಾಯಿತು.

“ಅಲ್ಲೋ ತಮ್ಮಾ, ದಿನಾ ಓಡೂ ಇಂಜಿನಿಗೆ ಇಷ್ಟು ಜಂಗು ಹತ್ತಗೊಡತಿದ್ವೇನು? ಒರಸಾವ್ರು ನಾವು ಸತ್ತಿದ್ವೇನು?”

ನಾನು ಮಾತಾಡಲಿಲ್ಲ. ಮೂಲೆಯಲ್ಲಿ ಬಿದ್ದ ಗುಜರಿಯನ್ನು ಮಾಡಿ, ಅದನ್ನು ದುಡಿಯುವ ಗಾಡಿಯೆಂದು ಕರೆದಿದ್ದೆನು. ಮರುದಿನದಿಂದ ಅರ್ಧಕ್ಕರ್ಧ ಜಂಗನ್ನು ಕೆರೆದು ತೆಗೆದೆನು. ಕಾಕಾನವರು ದಿನಾಲು ಸಂಜೆ ಬಂದು ಕೂಡುವರು. ಗಾಲಿಯ ಸರಳುಗಳಿಗೆ ಎಣ್ಣೆಯ ಹೊಳಪು ಬೇಕೆಂದರು, ಕೊಟ್ಟೆನು. ಸೀಟಿಯ ಬುಡದಲ್ಲಿ ಸುಣ್ಣದ ಕಲೆ ಬೇಕೆಂದರು, ಅದೂ ಆಯಿತು. ಕಡೆಗೆ ಇಂಜಿನಿನ ಬಾಗಿಲ ಪಕ್ಕದ ಹಿಡಿಗಂಬಿಯ ಮೇಲೆ ಉಗುರಿಟ್ಟು, “ಇಲ್ಲೆ ಹಿಡಕೊಂಡು ಹತ್ತತಿದ್ವಿ. ಇಲ್ಲೆ ಬಣ್ಣ ನಿಲ್ಲತಿದ್ದಿಲ್ಲ,” ಎಂದರು. ಸಾಣೆಕಾಗದದ ಚೂರಿನಿಂದ ಅಷ್ಟು ಜಾಗವನ್ನು ನಾನು ತಿಕ್ಕಿದೆನು. ಕೆಳಗಿನ ಹಿತ್ತಾಳೆಯು ತುಸುವೇ ಮಿಂಚಿತು.