ಕೊರಗಿನ ಕಣ್ಣು, ಉಪಕಾರದ ಕಣ್ಣು

ಮಳೆ ಬಂದು ಆಟ ನಿಂತಿತೆಂದು ಮಗು ಮುಖ ಬಾಡಿಸುತ್ತದೆ. ಗೆಳೆಯನ ಬಳಿಯಿರುವ ಬಣ್ಣದ ಪೆಟ್ಟಿಗೆ ತನಗಿಲ್ಲವೆಂದು ಹಟ ಹಿಡಿಯುತ್ತದೆ. ಹಿರಿಯರಿಗೆ ಇವು ಅಲ್ಪ ಸಂಗತಿಗಳು, ಮಗುವಿಗಲ್ಲ. ಅಪ್ರಿಯವಾದುದು ಬಂದೊದಗಿದಾಗ, ಪ್ರಿಯವಾದುದು ಅಗಲಿದಾಗ ಮನಸ್ಸು ಅದನ್ನೇ ಮೆಲುಕು ಹಾಕುತ್ತ ಕೊರಗುವುದನ್ನು ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಆರ್ತಧ್ಯಾನವೆಂದು ಕರೆದಿದ್ದಾರೆ. ದುಃಖ ಬರುವುದು ಬೇರೆ, ದುಃಖದಲ್ಲಿಯೇ ನೆಲೆಸುವುದು ಬೇರೆ. ಮೊದಲನೆಯದು ಸಹಜ, ಎರಡನೆಯದು ಅಭ್ಯಾಸದಿಂದ ಬಲಿಯುವಂಥದು. ಅಭ್ಯಾಸದಿಂದ ಬಲಿತುದನ್ನು ಅಭ್ಯಾಸದಿಂದಲೇ ತಿದ್ದಬಹುದು.

ಅದಕ್ಕೆ ಬೇಕಾದ ದೃಷ್ಟಿಯೂ ಅದೇ ಗ್ರಂಥದಲ್ಲಿದೆ. ಜೀವಿಗಳು ಪರಸ್ಪರ ಉಪಕಾರದಿಂದ ಬಾಳುತ್ತವೆ ಎಂದು ಅದರ 5ನೆಯ ಅಧ್ಯಾಯ ತಿಳಿಸುತ್ತದೆ. ತಟ್ಟೆಯಲ್ಲಿರುವ ಅನ್ನದ ಹಿಂದೆ ರೈತನ ಬೆವರಿದೆ, ಎತ್ತಿನ ದುಡಿಮೆಯಿದೆ, ಬಡಿಸಿದ ಕೈಯ ಅಕ್ಕರೆಯಿದೆ. ಆಟ ನಿಲ್ಲಿಸಿದ ಮಳೆಯೇ ಆ ಅನ್ನವನ್ನೂ ಬೆಳೆಸಿತೆಂದು ಅರಿತ ಮಗು ಅನೇಕಾಂತದ ಮೊದಲ ಪಾಠವನ್ನು ಕಲಿತಂತೆ: ಒಂದೇ ಸಂಗತಿಗೆ ಹಲವು ಮುಖಗಳಿವೆ.

‘ಇಷ್ಟೇನಾ?’ ಎಂದು ಮುನಿಯುವ ಮಕ್ಕಳಿಗೆ ಗುಳ್ಳಕಾಯಜ್ಜಿಯ ಕಥೆಯನ್ನು ಹೇಳಬೇಕು. 10ನೆಯ ಶತಮಾನದಲ್ಲಿ ಶ್ರವಣಬೆಳಗೊಳದ ಬಾಹುಬಲಿ ಮೂರ್ತಿಯನ್ನು ಮಾಡಿಸಿದ ಚಾವುಂಡರಾಯನು ಕೊಡಗಟ್ಟಲೆ ಹಾಲೆರೆದರೂ ಅಭಿಷೇಕ ಪೂರ್ಣವಾಗಲಿಲ್ಲವಂತೆ. ಬಡ ಅಜ್ಜಿಯೊಬ್ಬಳು ಗುಳ್ಳಕಾಯಿಯಲ್ಲಿ ತಂದ ತುಸು ಹಾಲು ಅಡಿಯಿಂದ ಮುಡಿಯವರೆಗೂ ಮೂರ್ತಿಯನ್ನು ತೋಯಿಸಿತೆಂಬುದು ಐತಿಹ್ಯ. ಆ ಅಜ್ಜಿಯ ಶಿಲ್ಪ ಇಂದಿಗೂ ಬಾಹುಬಲಿಗೆ ಎದುರಾಗಿ ನಿಂತಿದೆ. ಇರುವುದು ಅಲ್ಪವಾದರೂ ತೃಪ್ತ ಮನಸ್ಸಿಗೆ ಅದು ಸಾಲುತ್ತದೆ, ಕೊಡುವುದಕ್ಕೂ ಸಾಲುತ್ತದೆ.

ಆದರೆ ಕೃತಜ್ಞತೆಯು ಮಗುವಿನ ಬಾಯಿ ಮುಚ್ಚಿಸುವ ಉಪಾಯವಾಗಬಾರದು. ‘ನಿನಗಿಂತ ಕಷ್ಟದಲ್ಲಿರುವವರನ್ನು ನೋಡಿ ಸಮಾಧಾನಪಟ್ಟುಕೊ’ ಎನ್ನುವುದು ಪರರ ನೋವಿನಲ್ಲಿ ನೆಮ್ಮದಿ ಹುಡುಕಲು ಕಲಿಸಿದಂತೆ. ದುಃಖಿಗಳನ್ನು ಕಂಡಾಗ ಮೂಡಬೇಕಾದುದು ಕಾರುಣ್ಯ ಭಾವನೆ. ಮಗುವನ್ನು ಶಾಲೆಯಲ್ಲಿ ಯಾರಾದರೂ ಪೀಡಿಸುತ್ತಿದ್ದರೆ ಮೊದಲು ಅದರ ಮಾತನ್ನು ಪೂರ್ತಿಯಾಗಿ ಕೇಳಬೇಕು, ಆ ಪೀಡೆಯನ್ನು ತಡೆಯಬೇಕು. ಉಪಕಾರಸ್ಮರಣೆಯ ಮಾತು ಆಮೇಲಿನದು.

ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ಮನೆಗಳಲ್ಲಿ ಎಲ್ಲರೂ ಕೂಡಿ ಕುಳಿತುಕೊಳ್ಳಲು ಹೊತ್ತು ಉಳಿದಿರುತ್ತದೆ. ಅಂದು ಯಾರಿಂದ ಯಾವ ಉಪಕಾರವಾಯಿತು, ತಾನು ಯಾರಿಗೆ ನೆರವಾದೆ ಎಂದು ಪ್ರತಿಯೊಬ್ಬರೂ ಆಗ ಒಂದೊಂದು ಮಾತು ಹೇಳಬಹುದು. ಮೊದಲು ಹೇಳಬೇಕಾದವರು ಹಿರಿಯರು. ದಿನವಿಡೀ ದೂರುಗಳನ್ನೇ ಕೇಳಿ ಬೆಳೆದ ಮಗು ಧನ್ಯತೆಯನ್ನು ಉಪದೇಶದಿಂದ ಕಲಿಯಲಾರದು. ತಂದೆತಾಯಿಯರ ನಡೆಯಲ್ಲಿ ಕಂಡರೆ ಕೇಳದೆಯೇ ಕಲಿಯುತ್ತದೆ.