ಲಾರಿ ಎಂಜಿನ್‌ಗೆ ಗಾಳಿಯ ಬಲ: ಲಾಭವೆಷ್ಟು, ಅಪಾಯವೆಷ್ಟು?

ಕಡೂರು: ಕಡೂರು, ತರೀಕೆರೆ, ಅಜ್ಜಂಪುರ ಭಾಗದಿಂದ ತೆಂಗಿನಕಾಯಿ, ಅಡಿಕೆ ಹೇರಿಕೊಂಡು ಹೊರಡುವ ಲಾರಿಗಳಿಗೆ ಏರುದಾರಿಯಲ್ಲಿ ಹೆಚ್ಚಿನ ಬಲ ಬೇಕು. ಅದನ್ನು ಒದಗಿಸುವ ಸಾಧನವೇ ಟರ್ಬೊಚಾರ್ಜರ್.

ಡೀಸೆಲ್ ಉರಿಯಲು ಆಮ್ಲಜನಕ ಅಗತ್ಯ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ. 1434 ಮೀಟರ್ ಎತ್ತರದ ಕೆಮ್ಮಣ್ಣುಗುಂಡಿಯಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟಕ್ಕಿಂತ ಸುಮಾರು ಶೇ 13ರಷ್ಟು ಕಡಿಮೆ. ಟರ್ಬೊ ಈ ಕೊರತೆಯನ್ನು ತುಂಬುತ್ತದೆ. ಎಂಜಿನ್ ಉಗುಳುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್‌ಗೆ ತುಂಬುತ್ತದೆ. ಒತ್ತಡದಿಂದ ಕಾದ ಗಾಳಿಯನ್ನು ಇಂಟರ್‌ಕೂಲರ್ ತಣಿಸುತ್ತದೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಶಿ 1905ರಲ್ಲಿ ಈ ತತ್ತ್ವಕ್ಕೆ ಪೇಟೆಂಟ್ ಪಡೆದಿದ್ದರು.

ನೈಟ್ರಸ್ ಆಕ್ಸೈಡ್ ರೇಸ್ ವಾಹನಗಳ ವಿಧಾನ. ತೂಕದ ಲೆಕ್ಕದಲ್ಲಿ ಗಾಳಿಯಲ್ಲಿ ಶೇ 23ರಷ್ಟು ಆಮ್ಲಜನಕವಿದ್ದರೆ ಈ ಅನಿಲದಲ್ಲಿ ಶೇ 36ರಷ್ಟಿದೆ. ಆದರೆ ತುಂಬಿಟ್ಟ ಅನಿಲ ಮುಗಿದೊಡನೆ ಬಲವೂ ಮುಗಿಯುತ್ತದೆ. ದಿನವಿಡೀ ಭಾರ ಎಳೆಯುವ ಲಾರಿಗೆ ಇದು ಒಗ್ಗದು.

ಮಿತಿ ಮೀರಿ ಗಾಳಿ, ಡೀಸೆಲ್ ಹೆಚ್ಚಿಸಿದರೆ ಹೆಡ್ ಗ್ಯಾಸ್ಕೆಟ್ ಒಡೆಯಬಹುದು, ಪಿಸ್ಟನ್ ಕರಗಬಹುದು. ಎಂಜಿನ್ ಬಲ ಹೆಚ್ಚಿದರೂ ಬ್ರೇಕ್ ಬಲ ಹೆಚ್ಚುವುದಿಲ್ಲ ಎಂಬುದು ಇಳಿಜಾರಿನಲ್ಲಿ ಪ್ರಾಣದ ಪ್ರಶ್ನೆ. ಅನುಮತಿಯಿಲ್ಲದ ಮಾರ್ಪಾಡಿಗೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಡಿ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು.

ಏರಿನಲ್ಲಿ ಲಾರಿ ಸೊರಗಿದರೆ ಮೊದಲು ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್ ಹಾಗೂ ಟರ್ಬೊ ಕೊಳವೆಗಳ ಸೋರಿಕೆಯನ್ನು ಪರೀಕ್ಷಿಸುವುದು ಲೇಸು. ಭಾರ ಎಳೆದು ಬಂದ ಎಂಜಿನನ್ನು ತಕ್ಷಣ ಆರಿಸದೆ ಒಂದೆರಡು ನಿಮಿಷ ನಿಧಾನವಾಗಿ ಓಡಲು ಬಿಟ್ಟರೆ ಟರ್ಬೊ ಬೇರಿಂಗ್ ಹೆಚ್ಚು ಕಾಲ ಬಾಳುತ್ತದೆ.