ಚುಕ್ಕಿ ಕ್ಯಾಮೆರಾದ್ದು, ಎಳೆ ಸಾಫ್ಟ್‌ವೇರಿನದು

ನಿಮ್ಮ ಕ್ಯಾಮೆರಾಗೆ ಬಣ್ಣವೇ ತಿಳಿಯದು! ಲಕ್ಷ ರೂಪಾಯಿ ಕೊಟ್ಟು ತಂದದ್ದಾದರೂ ಅಷ್ಟೇ. ಸೆನ್ಸರಿನ ಮೇಲಿರುವ ಕೋಟಿಗಟ್ಟಲೆ ಕಣಗಳಿಗೆ ಗೊತ್ತಿರುವುದು ಒಂದೇ ಲೆಕ್ಕ, ತಮ್ಮ ಮೇಲೆ ಎಷ್ಟು ಬೆಳಕು ಬಿತ್ತು ಎಂಬುದು. ಅದರಿಂದ ಬಣ್ಣ ಹೊರಡಿಸಲು ಕೊಡಕ್ ಕಂಪನಿಯ ಬ್ರೈಸ್ ಬೇಯರ್ ಒಂದು ಉಪಾಯ ಹೂಡಿದರು. 1976ರಲ್ಲಿ ಅದಕ್ಕೆ ಪೇಟೆಂಟೂ ಸಿಕ್ಕಿತು. ಪ್ರತಿ ಕಣದ ಮೇಲೊಂದು ಪುಟಾಣಿ ಬಣ್ಣದ ಫಿಲ್ಟರ್. ನಾಲ್ಕು ಕಣಗಳ ಒಂದೊಂದು ಚೌಕದಲ್ಲಿ ಎರಡಕ್ಕೆ ಹಸಿರು, ಒಂದಕ್ಕೆ ಕೆಂಪು, ಒಂದಕ್ಕೆ ನೀಲಿ. ಹಸಿರಿಗೇಕೆ ದುಪ್ಪಟ್ಟು ಪಾಲು? ನಮ್ಮ ಕಣ್ಣು ಸೂಕ್ಷ್ಮ ವಿವರಗಳನ್ನು ಹೆಚ್ಚಾಗಿ ಹಿಡಿಯುವುದು ಹಸಿರಿನ ಆಸುಪಾಸಿನ ಬೆಳಕಿನಲ್ಲೇ ಎಂದು. ಇಂದಿಗೂ ಬಹುತೇಕ ಕ್ಯಾಮೆರಾಗಳ ಒಳಗಿರುವುದು ಇದೇ ಜೋಡಣೆ, ಇಲ್ಲವೇ ಇದರ ಅಣ್ಣತಮ್ಮಂದಿರು.

ಈಗ ಲೆಕ್ಕ ಹಾಕಿ. 24 ಮೆಗಾಪಿಕ್ಸೆಲ್ ಎಂದರೆ 2.4 ಕೋಟಿ ಕಣ. ಬಣ್ಣದ ಚಿತ್ರವಾಗಬೇಕಾದರೆ ಪ್ರತಿಯೊಂದಕ್ಕೂ ಕೆಂಪು, ಹಸಿರು, ನೀಲಿ ಮೂರೂ ಬೇಕು, ಒಟ್ಟು 7.2 ಕೋಟಿ ಸಂಖ್ಯೆ. ಕ್ಯಾಮೆರಾ ಅಳೆದುಕೊಟ್ಟದ್ದು 2.4 ಕೋಟಿ. ಉಳಿದ 4.8 ಕೋಟಿ? ಅಕ್ಕಪಕ್ಕದ ಕಣಗಳನ್ನು ನೋಡಿ ಸಾಫ್ಟ್‌ವೇರ್ ಊಹಿಸಿದ್ದು! ನಾವು ಗೋಡೆಗೆ ತೂಗುಹಾಕುವ ಚಿತ್ರದ ಮೂರರಲ್ಲಿ ಎರಡು ಪಾಲು ಬಣ್ಣ ಯಾರೋ ಬರೆದ ಗಣಿತ. ಕ್ಯಾಮೆರಾ ಚುಕ್ಕಿ ಇಟ್ಟು ಎದ್ದುಹೋಗುತ್ತದೆ, ರಂಗೋಲಿಯ ಎಳೆ ಎಳೆಯುವುದು ಸಾಫ್ಟ್‌ವೇರ್. ಅದೇ ಚುಕ್ಕಿಗೆ ಒಬ್ಬೊಬ್ಬರು ಒಂದೊಂದು ಥರ ಎಳೆ ಎಳೆಯುತ್ತಾರೆ. ಸಾಫ್ಟ್‌ವೇರ್ ಆರಿಸುವಾಗ ನಾವು ಆರಿಸುತ್ತಿರುವುದು ಈ ಕೈಯನ್ನು.

ನಂಬಿಕೆ ಬರದಿದ್ದರೆ ಕಣ್ಣಾರೆ ನೋಡಬಹುದು, ಒಂದು ಪೈಸೆ ಖರ್ಚಿಲ್ಲ. ರಾಥೆರಪಿ ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೊಳ್ಳಿ. ನಿಮ್ಮದೊಂದು ರಾ ಕಡತ, ಅಂದರೆ ಸೆನ್ಸರು ಅಳೆದ ಸಂಖ್ಯೆಗಳನ್ನು ಹಾಗೇ ಇಟ್ಟಿರುವ ಕಡತ, ತೆರೆಯಿರಿ. ರಾ ವಿಭಾಗದಲ್ಲಿ ಡಿಮೊಸೈಸಿಂಗ್ ಎಂಬ ಪಟ್ಟಿ ಇದೆ, ಬಣ್ಣ ಊಹಿಸುವ ವಿಧಾನಗಳದ್ದು. ಅದರಲ್ಲಿ ಯಾವ ವಿಧಾನವೂ ಬೇಡ ಎಂಬುದನ್ನೇ ಆರಿಸಿ. ಆಮೇಲೆ ನಾನ್ನೂರು ಪ್ರತಿಶತಕ್ಕೆ ಹಿಗ್ಗಿಸಿ. ನಾನು ತೆರೆದದ್ದು ಬಡಗುತಿಟ್ಟಿನ ಒಂದು ಯಕ್ಷಗಾನದ ಆಟದ ಚಿತ್ರ. ನಡುರಾತ್ರಿ, ಐಎಸ್ಒ 6400, ರಂಗಸ್ಥಳದ ತುಂಬ ಎಲ್‌ಇಡಿ ಬೆಳಕು. ವೇಷಧಾರಿಯ ಕೆಂಪು ಚೌಕಳಿ ಸೀರೆ ಇದ್ದ ಜಾಗದಲ್ಲಿ ಸೀರೆಯೇ ಇಲ್ಲ! ಕಪ್ಪು ನೆಲದ ಮೇಲೆ ಕೆಂಪು ಚುಕ್ಕಿಗಳ ಸಾಲು, ನಡುನಡುವೆ ಮಂಕು ಹಸಿರು, ಮಿಣುಕು ನೀಲಿ. ಭುಜಕೀರ್ತಿಯ ಅಂಚು ಎಲ್ಲಿ ಮುಗಿದು ಕತ್ತಲೆ ಎಲ್ಲಿ ಶುರುವಾಯಿತು ಎಂಬುದೂ ಗೊತ್ತಾಗದು. ಸೆನ್ಸರು ಕಂಡ ನಿಜ ಇದು.

ಪಟ್ಟಿಯಲ್ಲಿ ಅಮೇಝ್ ಎಂಬ ವಿಧಾನ ಒತ್ತಿದೆ. ಕ್ಷಣಾರ್ಧದಲ್ಲಿ ಸೀರೆ ಬಂತು, ಚೌಕಳಿ ಬಂತು, ಭುಜಕೀರ್ತಿಯ ಒಂದೊಂದು ಮಣಿಯೂ ಬೇರೆ ಬೇರೆಯಾಗಿ ನಿಂತಿತು! ಇದನ್ನು ಬರೆದವರು ಯಾರು ಅಂದುಕೊಂಡಿರಿ? ಎಮಿಲ್ ಮಾರ್ಟಿನೆಕ್, ಶಿಕಾಗೊ ವಿಶ್ವವಿದ್ಯಾಲಯದ ಭೌತವಿಜ್ಞಾನಿ. ಅವರ ಮುಖ್ಯ ಕ್ಷೇತ್ರ ಸ್ಟ್ರಿಂಗ್ ಸಿದ್ಧಾಂತ. ವಿಶ್ವದ ಮೂಲದ ಲೆಕ್ಕ ಬಿಡಿಸುವವರು ನಮ್ಮ ಚೌಕಳಿ ಸೀರೆಯ ಲೆಕ್ಕವನ್ನೂ ಬಿಡಿಸಿಕೊಟ್ಟು, ಯಾರು ಬೇಕಾದರೂ ಬಳಸಿ ಎಂದು ಬಿಟ್ಟಿದ್ದಾರೆ.

ಆದರೆ ನೆರಳಿನ ಕಡೆ ಕಣ್ಣು ಹಾಯಿಸಿದರೆ ಇನ್ನೊಂದು ಸಂಗತಿ. ಕತ್ತಲೆಯ ಭಾಗದಲ್ಲಿ ಸಣ್ಣ ಸಣ್ಣ ಗೆರೆಗಳು ಚಕ್ರವ್ಯೂಹದಂತೆ ಹೆಣೆದುಕೊಂಡಿದ್ದವು. ಐಎಸ್ಒ ಏರಿಸಿದಾಗ ಬರುವ ನಾಯ್ಸನ್ನೇ ವಿವರವೆಂದು ಹಿಡಿದು ಗಣಿತ ಅದಕ್ಕೂ ಅಂಚು ಕಟ್ಟುತ್ತದೆ. ಅದಕ್ಕೆಂದೇ ಎಲ್‌ಎಂಎಂಎಸ್‌ಇ ಎಂಬ ಬೇರೊಂದು ವಿಧಾನ ಅದೇ ಪಟ್ಟಿಯಲ್ಲಿದೆ. ಒತ್ತಿದೆ, ಚಕ್ರವ್ಯೂಹ ಕರಗಿತು, ಮಣಿಗಳು ತುಸು ಮೆದುವಾದವು. ಹಗಲಿನ ಹಕ್ಕಿಗೊಂದು, ರಾತ್ರಿಯ ಆಟಕ್ಕೊಂದು! ಹೆಚ್ಚಿನ ಸಾಫ್ಟ್‌ವೇರುಗಳು ಈ ಆಯ್ಕೆಯ ಬಾಗಿಲನ್ನು ಮುಚ್ಚಿಟ್ಟು ತಾವೇ ತೀರ್ಮಾನಿಸುತ್ತವೆ. ತೀರ್ಮಾನ ಚೆನ್ನಾಗಿಯೇ ಇರುತ್ತದೆ, ನಿಜ. ಡಿಎಕ್ಸ್‌ಒ ಕಂಪನಿಯ ಡೀಪ್‌ಪ್ರೈಮ್, ಅಡೋಬಿ 2023ರಲ್ಲಿ ತಂದ ಡಿನಾಯ್ಸ್, ಇವೆರಡೂ ಯಂತ್ರಕಲಿಕೆಯಿಂದ ಚುಕ್ಕಿ ಕೂಡಿಸುವುದನ್ನೂ ನಾಯ್ಸ್ ತೆಗೆಯುವುದನ್ನೂ ಒಟ್ಟಿಗೇ ಮಾಡುತ್ತವೆ. ರಾತ್ರಿಯ ಚಿತ್ರಗಳಲ್ಲಿ ಅವುಗಳ ಫಲಿತಾಂಶ ನೋಡಿದರೆ ಮಾತೇ ಹೊರಡದು. ದುಡ್ಡು ಕೊಡಬಲ್ಲವರು ಕೊಡಲಿ. ಆದರೂ ಹೊಸಬರು ಮೊದಲು ರಾಥೆರಪಿಯಲ್ಲೋ ಅದರಂತೆಯೇ ಉಚಿತವಾದ ಡಾರ್ಕ್‌ಟೇಬಲ್ಲಿನಲ್ಲೋ ಕೈ ಆಡಿಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಒಳಗೆ ಏನು ನಡೆಯುತ್ತದೆ ಎಂದು ಒಮ್ಮೆ ಕಂಡವರಿಗೆ ಯಾವುದಕ್ಕೆ ದುಡ್ಡು ಕೊಡಬೇಕು ಎಂಬುದು ತಾನಾಗಿ ಹೊಳೆಯುತ್ತದೆ.

ಈ ಉಚಿತ ಲೋಕದ ಬೇರು ಹುಡುಕಿ ಹೋದರೆ ಸಿಗುವುದು ಒಬ್ಬರೇ ಮನುಷ್ಯ. ಕ್ಯಾಮೆರಾ ಕಂಪನಿಗಳು ತಮ್ಮ ತಮ್ಮ ರಾ ಕಡತದ ಒಳಗುಟ್ಟು ಬಿಟ್ಟುಕೊಡುತ್ತಿರಲಿಲ್ಲ. 1997ರಲ್ಲಿ ಡೇವ್ ಕಾಫಿನ್ ಎಂಬ ಪ್ರೋಗ್ರಾಮರ್ ಆ ಗುಟ್ಟುಗಳನ್ನು ಒಂದೊಂದಾಗಿ ಒಡೆಯಲು ಕುಳಿತರು. ಸಿ ಭಾಷೆಯಲ್ಲಿ ಬರೆದ ಒಂದೇ ಒಂದು ಕಡತ, ಹೆಸರು ಡಿಸಿರಾ. ಹೊಸ ಕ್ಯಾಮೆರಾ ಬಂದಂತೆಲ್ಲ ಅದನ್ನೂ ಸೇರಿಸುತ್ತ ಇಪ್ಪತ್ತು ವರ್ಷ ನಡೆಸಿಕೊಂಡು ಬಂದರು! ಅದನ್ನೇ ಬುನಾದಿ ಮಾಡಿಕೊಂಡು, ಬೇರೆ ಸಾಫ್ಟ್‌ವೇರುಗಳಿಗೆ ರಾ ಓದಿಕೊಡುವ ಲಿಬ್‌ರಾ ಹುಟ್ಟಿತು. ಇಂದು ರಾ ತೆರೆಯುವ ಎಷ್ಟೋ ಸಾಫ್ಟ್‌ವೇರುಗಳ ಹೊಟ್ಟೆಯಲ್ಲಿ ಕಾಫಿನ್ನರ ಆ ದುಡಿಮೆಯ ಅಂಶ ಇದೆ.

ಮತ್ತೊಂದು ವಿಸ್ಮಯ ತಿದ್ದುವಿಕೆಯದು. ಬೆಳಕು ಏರಿಸುತ್ತೇವೆ, ನೆರಳು ಎತ್ತುತ್ತೇವೆ, ಕತ್ತರಿಸುತ್ತೇವೆ. ಮೂಲ ರಾ ಕಡತದ ಒಂದು ಬಿಟ್ಟೂ ಅಲುಗುವುದಿಲ್ಲ. ರಾಥೆರಪಿ ಪಕ್ಕದಲ್ಲಿ ಪಿಪಿ3 ಎಂಬ ಪುಟ್ಟ ಕಡತ ಬರೆದಿಡುತ್ತದೆ. ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿ: ಎಕ್ಸ್‌ಪೋಷರ್ ಇಷ್ಟು, ಕಾಂಟ್ರಾಸ್ಟ್ ಇಷ್ಟು ಎಂದು ಸಾಲುಸಾಲಾಗಿ ಓದಬಹುದಾದ ಬರಹ! ನೀವು ರಾತ್ರಿಯೆಲ್ಲ ಕುಳಿತು ತಿದ್ದಿದ್ದು ಕೆಲವೇ ಕಿಲೋಬೈಟ್. ಅಡೋಬಿ 2007ರಲ್ಲಿ ತಂದ ಲೈಟ್‌ರೂಮ್ ಕೂಡ ಮೂಲವನ್ನು ಮುಟ್ಟದೆ ಆದೇಶಗಳನ್ನಷ್ಟೇ ಬರೆದಿಡುವ ಈ ಪದ್ಧತಿಯ ಮೇಲೆಯೇ ನಿಂತಿದೆ. ಇದರಿಂದಲೇ ಹಳೆಯ ರಾ ಕಡತಗಳು ಹಳತಾಗುವುದಿಲ್ಲ. ಹದಿನೈದು ವರ್ಷದ ಹಿಂದಿನ ಕಡತವನ್ನು ಇಂದಿನ ಗಣಿತದಲ್ಲಿ ತೆರೆದರೆ, ಅಂದು ಕಾಣದ ಮಣಿ ಇಂದು ಕಾಣುತ್ತದೆ. ಲೈಟ್‌ರೂಮ್ ಕ್ಲಾಸಿಕ್ ಚಂದಾ ನಿಲ್ಲಿಸಿದವರಿಗೆ ಚಿತ್ರಗಳೇನೋ ತೆರೆಯುತ್ತವೆ, ಹೊರಕ್ಕೂ ಕಳಿಸಬಹುದು, ಆದರೆ ತಿದ್ದುವ ಡೆವಲಪ್ ವಿಭಾಗ ಮುಚ್ಚಿಕೊಳ್ಳುತ್ತದೆ. ಕೊಳ್ಳುವ ಮುಂಚೆ ಇದು ತಿಳಿದಿರಲಿ.

ಆಟದಿಂದ ಬರುವಾಗ ಕಾರ್ಡಿನಲ್ಲಿ ಸಾವಿರಾರು ಚಿತ್ರ ಇರುತ್ತವೆ. ಆರಿಸುವುದು ಹೇಗೆ? ಬಹುತೇಕ ಪ್ರತಿ ರಾ ಕಡತದ ಒಳಗೆ ಕ್ಯಾಮೆರಾ ಒಂದು ಜೆಪೆಗ್ ಅಡಗಿಸಿಟ್ಟಿರುತ್ತದೆ! ಕ್ಯಾಮೆರಾ ಬೆನ್ನಿನ ಪರದೆಯಲ್ಲಿ ನಾವು ನೋಡುವುದು ಅದನ್ನೇ. ಫೋಟೊ ಮೆಕ್ಯಾನಿಕ್ ಎಂಬ ಸಾಫ್ಟ್‌ವೇರ್ ಆ ಜೆಪೆಗನ್ನೇ ಎಳೆದು ತೋರಿಸುವುದರಿಂದ ಕೀಲಿ ಒತ್ತಿದಷ್ಟೇ ವೇಗದಲ್ಲಿ ಚಿತ್ರ ಹಾರುತ್ತವೆ. ಪತ್ರಿಕಾ ಛಾಯಾಗ್ರಾಹಕರು ಅದನ್ನು ಕೈಬಿಡದಿರುವುದು ಇದಕ್ಕೇ. ಕಾರ್ಡಿನಿಂದ ಕಂಪ್ಯೂಟರಿಗೆ ನಕಲಿಸಲು ಟೆರಾಕಾಪಿಯಂಥದ್ದು ಸಾಕು, ನಕಲು ಮೂಲದಂತೆಯೇ ಇದೆಯೇ ಎಂದು ಪರಿಶೀಲಿಸುವ ಆಯ್ಕೆಯನ್ನು ಮಾತ್ರ ತಪ್ಪದೆ ಒತ್ತಿ. ಇನ್ನು ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಊರಿನಲ್ಲೋ ಕ್ಲೌಡಿನಲ್ಲೋ. ಛಾಯಾಗ್ರಾಹಕ ಪೀಟರ್ ಕ್ರೋ ಹೇಳಿಕೊಟ್ಟ ಈ 3-2-1 ಲೆಕ್ಕಕ್ಕೆ ಪರ್ಯಾಯ ನನಗೆ ಕಂಡಿಲ್ಲ.

ಹುಡುಕಿ ತೆಗೆಯಲು ಡಿಜಿಕ್ಯಾಮ್. ಇದೂ ಉಚಿತ. ಇಲ್ಲಿ ಕನ್ನಡಿಗರು ಹಿಗ್ಗುವಂಥ ಒಂದು ಸಂಗತಿ ಇದೆ. ಚಿತ್ರದ ವಿವರ ಬರೆದಿಡುವ ಎಕ್ಸ್‌ಎಂಪಿ ಪದ್ಧತಿ ಯೂನಿಕೋಡಿನದು. ಅಂದರೆ ಪ್ರಸಂಗದ ಹೆಸರು, ವೇಷ, ಊರು ಎಲ್ಲವನ್ನೂ ಕನ್ನಡದಲ್ಲೇ ಟೈಪಿಸಿ ಚಿತ್ರದ ಕಡತದ ಒಳಗೇ ಇಡಬಹುದು! ‘ಬಡಗುತಿಟ್ಟು’ ಎಂದು ಹುಡುಕಿದರೆ ಬಡಗುತಿಟ್ಟಿನ ಚಿತ್ರಗಳಷ್ಟೇ ಎದುರಿಗೆ ಬಂದು ನಿಲ್ಲುತ್ತವೆ. ಮೇಳಗಳ, ಜಾತ್ರೆಗಳ, ನಮ್ಮ ಮನೆ ಅಜ್ಜಿಯರ ಚಿತ್ರಗಳು ಹೆಸರಿಲ್ಲದ ಅಂಕಿಗಳಾಗಿ ಹಾರ್ಡ್‌ಡಿಸ್ಕಿನಲ್ಲಿ ಬಿದ್ದಿರುವುದನ್ನು ನೆನೆದರೆ, ದಯವಿಟ್ಟು ಇವತ್ತೇ ಶುರುಮಾಡಿ ಎಂದು ಬೇಡಿಕೊಳ್ಳಬೇಕೆನಿಸುತ್ತದೆ.

ಕೊನೆಗೆ ಜೆಪೆಗ್. ಚಿತ್ರವನ್ನು ಹೊರಕ್ಕೆ ಕಳಿಸುವ ಕಿಟಕಿಯಲ್ಲಿ ಗುಣಮಟ್ಟದ ಒಂದು ಸರಳು ಇರುತ್ತದಲ್ಲ, ಅದರ ಹಿಂದೆ ಇರುವವರು ನಮ್ಮ ಬೆಂಗಳೂರಿನವರು! ನಾಸಿರ್ ಅಹ್ಮದ್, 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲಿನ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ ಅಮೆರಿಕಕ್ಕೆ ಹೋದವರು. ಚಿತ್ರವನ್ನು ಕೊಸೈನ್ ಅಲೆಗಳಾಗಿ ಬಿಡಿಸಿ, ಬೇಡದ ಅಲೆಗಳನ್ನು ಕೈಬಿಡುವ ಯೋಚನೆಗೆ 1972ರಲ್ಲಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದಿಂದ ಹಣ ಕೇಳಿದರು. ಸಿಗಲಿಲ್ಲ. ಬಿಡದೆ ದುಡಿದು, ಟಿ. ನಟರಾಜನ್, ಕೆ. ಆರ್. ರಾವ್ ಅವರೊಂದಿಗೆ 1974ರ ಜನವರಿಯಲ್ಲಿ ಪ್ರಕಟಿಸಿಯೇ ಬಿಟ್ಟರು. 1992ರ ಜೆಪೆಗ್ ಮಾನದಂಡ ನಿಂತಿರುವುದು ಅದರ ಮೇಲೆ. ಸೀರೆಯ ಚೌಕಳಿ ಎಂಟೆಂಟು ಪಿಕ್ಸೆಲ್ಲಿನ ಚೌಕಗಳಾಗಿ ಒಡೆಯುತ್ತದೆ, ಒಂದೊಂದು ಚೌಕವೂ 64 ಅಲೆಗಳ ಲೆಕ್ಕವಾಗುತ್ತದೆ. ಸರಳನ್ನು ಎಳೆದಂತೆಲ್ಲ ಕಣ್ಣಿಗೆ ಬೇಡವಾದ ನವಿರು ಅಲೆಗಳು ಮೊದಲು ಉದುರುತ್ತವೆ. 100ರಿಂದ 90ಕ್ಕೆ ಇಳಿಸಿ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ: ಕಡತ ಸಾಮಾನ್ಯವಾಗಿ ಅರ್ಧಕ್ಕಿಂತ ಚಿಕ್ಕದಾಗಿರುತ್ತದೆ, ಮಣಿಗಳು ಹಾಗೇ ಇರುತ್ತವೆ. ಅಚ್ಚಿಗೆ ಕೊಡುವುದಕ್ಕೆ ನಾನು 95 ಇಡುತ್ತೇನೆ, ಮೊಬೈಲಿನಲ್ಲಿ ನೋಡುವುದಕ್ಕೆ 85.